ಉರಿಯ ಸುದ್ದಿ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಕಟ್ಟಿದವರು ಯಾರೋ ಗೊತ್ತಿಲ್ಲ, ಮೆಣಸಿನಕಾಯಿ ತೊಟ್ಟು ಬಿಡಿಸಿದವರಂತೂ ಅಲ್ಲ. ಬ್ಯಾಡಗಿ ಮಾರುಕಟ್ಟೆಯ ಅಂಗಳಗಳಲ್ಲಿ ಬೆಂಕಿಯೇ ಇಲ್ಲದೆ ಸಾವಿರಾರು ಹೆಂಗಸರ ಕೈ ವರ್ಷಕ್ಕೆ ಐದು ತಿಂಗಳು ಉರಿಯುತ್ತದೆ. ಆ ಉರಿಯನ್ನು ಆರಿಸುವ ದಾರಿ ಹುಡುಕುತ್ತ ಶಿವಲೀಲಾ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕಳೆದಿದ್ದಳು. ಕೊನೆಗೊಂದು ಡಿಸೆಂಬರಿನ ಮಂಗಳವಾರ ಬೆಳಿಗ್ಗೆ ಅದು ಸಿಕ್ಕೇಬಿಟ್ಟಿತು.

ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳಿದ್ದವು. ಎರಡರಲ್ಲೂ ಬೆಳೆಸಿದ ನರಕೋಶಗಳು. ಎಡಗಡೆಯ ತಟ್ಟೆಗೆ ಮೆಣಸಿನಕಾಯಿ ಸತ್ವದ ಒಂದು ಹನಿ ಬಿಟ್ಟಳು. ಪರದೆಯ ಮೇಲೆ ಕೋಶಗಳೆಲ್ಲ ಹಸಿರಾಗಿ ಹೊತ್ತಿಕೊಂಡವು. ಬಲಗಡೆಯ ತಟ್ಟೆಗೆ ವಾರದ ಹಿಂದೆಯೇ ತನ್ನ ಲೇಪವನ್ನು ಹಾಕಿಟ್ಟಿದ್ದಳು. ಅದಕ್ಕೂ ಒಂದು ಹನಿ ಬಿಟ್ಟಳು. ಏನೂ ಆಗಲಿಲ್ಲ. ಎರಡನೆಯ ಹನಿ, ಮೂರನೆಯ ಹನಿ. ಪರದೆ ಕಪ್ಪಗೇ ಉಳಿಯಿತು.

"ಸರ, ಸುಮ್ಮನಾತ್ರಿ! ಒಂದೂ ಮಾತಾಡವಲ್ದು!" ಎಂದು ಅವಳು ಕೂಗಿದ ರಭಸಕ್ಕೆ ಪ್ರಯೋಗಾಲಯದ ಮುಖ್ಯಸ್ಥ ಗುರುರಾಜ ನಾಡಿಗೇರರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದರು.

ಇಷ್ಟಕ್ಕೆ ಇಷ್ಟು ಸಂಭ್ರಮವೇ ಎನ್ನಬೇಡಿ. ಜೀವಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಹೊರಗಿನ ಸುದ್ದಿ ಒಳಗೆ ಹೋಗಬೇಕಾದರೆ ಅದರ ಮೈಮೇಲೆ ಕೂತಿರುವ ಗ್ರಾಹಕಗಳೇ ಗತಿ. ಒಂದೊಂದು ಗ್ರಾಹಕವೂ ತನಗೆ ಹೊಂದುವ ಸುದ್ದಿಗೆ ಮಾತ್ರ ಬಾಗಿಲು ತೆಗೆಯುತ್ತದೆ. ಚರ್ಮದ ಕೆಳಗಿನ ನರಗಳಲ್ಲಿ ಸುಡುವ ಬಿಸಿಗೆಂದೇ ಒಂದು ಗ್ರಾಹಕವಿದೆ. ಕಾದ ಪಾತ್ರೆ ತಗುಲಿತೋ, ಬಾಗಿಲು ತೆರೆಯಿತು, ಕ್ಯಾಲ್ಸಿಯಂ ಒಳನುಗ್ಗಿತು, ನರ ಮಿದುಳಿಗೆ ಕೂಗು ಹಾಕಿತು. ಮೆಣಸಿನಕಾಯಿಯ ಖಾರದ ಕಣ ಇದೇ ಬಾಗಿಲನ್ನು ತೆಗೆಯಬಲ್ಲ ಕಳ್ಳ. ಬಿಸಿಯಿಲ್ಲ, ಬೆಂಕಿಯಿಲ್ಲ, ಆದರೂ ನರ ಮಾತ್ರ "ಸುಟ್ಟೆ, ಸುಟ್ಟೆ" ಎಂದು ಒದರುತ್ತದೆ. ಶಿವಲೀಲಾಳ ಲೇಪ ನರದ ತುದಿಯಿಂದ ಒಳಗೆ ಏರಿ, ಬೆನ್ನುಹುರಿಯ ಪಕ್ಕದಲ್ಲಿರುವ ನರದ ಗಂಟನ್ನು ತಲುಪಿ, ಆ ಗ್ರಾಹಕವನ್ನು ತಯಾರಿಸುವ ಕೆಲಸವನ್ನೇ ನಿಲ್ಲಿಸಿಬಿಡುತ್ತಿತ್ತು. ಹಳೆಯವು ಒಂದು ವಾರದಲ್ಲಿ ಸವೆದು ಹೋಗುತ್ತಿದ್ದವು, ಹೊಸವು ಬರುತ್ತಿರಲಿಲ್ಲ. ಬೇಡವೆನಿಸಿದರೆ ಮತ್ತೆ ಶುರು ಮಾಡಿಸುವ ಇನ್ನೊಂದು ಲೇಪವೂ ಇತ್ತು. ಅದು ಬೇಕಾಗುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ನಾಡಿಗೇರರು ಹೋದ ಮೇಲೆ ಶಿವಲೀಲಾ ಆ ಕಪ್ಪು ಪರದೆಯ ಮುಂದೆ ಬಹಳ ಹೊತ್ತು ಕೂತಳು. ಅವಳಿಗೆ ಏಳನೆಯ ವಯಸ್ಸಿನ ಸುಗ್ಗಿ ನೆನಪಾಗಿತ್ತು.

ಆಗ ಅಂಗಳವೆಂದರೆ ಕಣ್ಣು ಹಾಯುವವರೆಗೂ ಕೆಂಪು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ನಿಜ. ಆದರೆ ದಿನಕ್ಕೆ ಹತ್ತು ತಾಸು ತೊಟ್ಟು ಬಿಡಿಸಿದರೆ ಯಾವ ಕಾಯಿಯಾದರೇನು? ಅವ್ವ ಫಕ್ಕೀರವ್ವ ಸಂಜೆ ಮನೆಗೆ ಬಂದು ಕೈಗೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದಳು, ಬೂದಿ ಹಚ್ಚಿ ತಿಕ್ಕುತ್ತಿದ್ದಳು, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಆಮೇಲೆ ಎರಡೂ ಕೈಗಳನ್ನು ನೀರಿನ ಪರಾತದಲ್ಲಿಟ್ಟುಕೊಂಡು ಗೋಡೆಗೊರಗಿ ಕೂರುತ್ತಿದ್ದಳು. ಮಗಳು ಓಡಿ ಹೋದರೆ ಕೈಯೆರಡನ್ನೂ ಮೇಲೆತ್ತಿ ಮೊಣಕೈಯಿಂದ ಅವಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು, ಕೆನ್ನೆಗೆ ಕೆನ್ನೆ ಒತ್ತುತ್ತಿದ್ದಳು. "ಮುಟ್ಟಬ್ಯಾಡವ್ವ, ಖಾರದ ಕೈ ಅದಾವು" ಎಂಬ ಮಾತು ಐದು ತಿಂಗಳೂ ಕೇಳುತ್ತಿತ್ತು. ಜಡೆ ಹಾಕುವುದು ಅಪ್ಪನ ಪಾಲಿಗೆ. ಅಪ್ಪ ಅದೇ ಮಾರುಕಟ್ಟೆಯ ಹಮಾಲ. ನೂರು ಕಿಲೋ ಚೀಲ ಹೊರುವ ಆ ಕೈ ಹಾಕಿದ ಜಡೆ ದಿನವೂ ಒಂದು ಕಡೆಗೆ ಸೊಟ್ಟ, ಶಾಲೆಯಲ್ಲಿ ಎಲ್ಲರಿಗೂ ಅದೇ ನಗು. ಹೊರೆ ಹೊತ್ತೇ ಅಪ್ಪನ ಎದೆ ಸೋತು, ಅವಳು ಕಾಲೇಜಿಗೆ ಸೇರಿದ ವರ್ಷ ತೀರಿಹೋಗಿದ್ದ. ಅವ್ವನ ಕೈ ಉರಿಯದಂತೆ ಏನಾದರೂ ಮಾಡುತ್ತೇನೆ ಎಂದು ಅವಳು ಏಳನೆಯ ವಯಸ್ಸಿನಲ್ಲೇ ಅಂದುಕೊಂಡಿದ್ದಳು. ಮಕ್ಕಳು ಏನೇನೋ ಅಂದುಕೊಳ್ಳುತ್ತವೆ, ಮರೆಯುತ್ತವೆ. ಇವಳು ಮರೆತಿರಲಿಲ್ಲ, ಅಷ್ಟೆ.

ಅನುಮತಿಗಳೆಲ್ಲ ಬರುವಷ್ಟರಲ್ಲಿ ಒಂದು ಸುಗ್ಗಿ ಮುಗಿದು ಇನ್ನೊಂದು ಶುರುವಾಗಿತ್ತು. ಮೊದಲ ಪರೀಕ್ಷೆಗೆ ಇಪ್ಪತ್ತು ಜನ ಬೇಕಾಗಿತ್ತು. ಮನೆಯವರನ್ನು ಸೇರಿಸಬಾರದೆಂದು ನಾಡಿಗೇರರು ಹೇಳಿದ್ದರು. ಫಕ್ಕೀರವ್ವ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅರವತ್ತೆರಡು ವಯಸ್ಸಾಗಿದ್ದರೂ, ಧಾರವಾಡಕ್ಕೆ ಬಾ ಎಂದು ಮಗಳು ಎಷ್ಟು ಕರೆದರೂ, ಅಂಗಳ ಬಿಟ್ಟು ಬಂದವಳಲ್ಲ ಅವಳು.

"ಊರಿನ ಹೆಣಮಕ್ಕಳ ಕೈಮ್ಯಾಗ ನನ್ನ ಮಗಳು ಔಷಧ ಹಚ್ಚತಾಳಂತ, ನಾ ದೂರ ನಿಂತು ನೋಡಬೇಕಂತ. ಚಲೋ ಮಾತಾತು! ಮೊದಲ ನನ್ನ ಕೈ, ಆಮ್ಯಾಲ ಉಳಿದವರದು," ಎಂದಳು. ಕೊನೆಗೆ ಅವಳ ಹೆಸರನ್ನು ಬೇರೆ ಪಟ್ಟಿಯಲ್ಲಿ, ಲೆಕ್ಕಕ್ಕೆ ಸೇರದ ಇಪ್ಪತ್ತೊಂದನೆಯವಳಾಗಿ ಬರೆದುಕೊಂಡರು.

ಶಿವಲೀಲಾ ಅಂಗಳದಲ್ಲಿ ನಿಂತು ಗ್ರಾಹಕ, ಬಾಗಿಲು, ಸುದ್ದಿ ಎಂದೆಲ್ಲ ವಿವರಿಸಿದಳು. ಅವ್ವನ ಪಕ್ಕದ ಖೋಲಿಯ ಮಾಬೂಬಿ, ಮೂವತ್ತು ವರ್ಷದ ಜತೆಗಾತಿ, ಕೇಳಿ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಂದ್ರ ನಮ್ಮ ಕೈಯಾಗ ಒಬ್ಬಾಕಿ ಚಾಡಿಕೋರಿ ಕುಂತಾಳ, ಆಕಿ ಬಾಯಿಗೆ ಬೀಗ ಹಾಕತೀ ಅನ್ನು. ಹಾಕವಾ ತಾಯಿ, ಹಂಗ ನಮ್ಮ ಮುಕಾದಮನ ಬಾಯಿಗೂ ಒಂದೀಟು ಹಚ್ಚಿ ಹೋಗು!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದೂರದಲ್ಲಿ ತಕ್ಕಡಿಯ ಬಳಿ ನಿಂತು ಕೂಲಿಯವರ ಲೆಕ್ಕ ಬರೆಯುತ್ತಿದ್ದ ಮುಕಾದಮ ಏನೆಂದು ತಿಳಿಯದೆ ತಾನೂ ನಕ್ಕ.

ಲೇಪ ಹಚ್ಚಿದ ಒಂಬತ್ತನೆಯ ದಿನ ಅವ್ವನ ಫೋನ್ ಬಂತು. ಆ ಕಡೆಯಿಂದ ಮೂಗೆಳೆಯುವ ಸದ್ದು ಕೇಳಿತು. ಶಿವಲೀಲಾ ಹೆದರಿ, "ಅವ್ವಾ, ಏನಾತು?" ಎಂದಳು.

"ಉರಿ ಇಲ್ಲಲೇ ಲೀಲಾ," ಎಂದಳು ಫಕ್ಕೀರವ್ವ. "ದಿನಾ ಎಲ್ಲಾ ಕಾಯಿ ಬಿಡಿಸೇನಿ. ಮನಿಗೆ ಬಂದು ಪರಾತ ತಗಿಯಾಕ ಹ್ವಾದೆ. ಯಾಕ ತಗೀಲಿ ಅಂತ ಅನಿಸ್ತು. ನಲವತ್ತು ವರ್ಷಾತು ನೋಡು, ಕೈ ಅದಾವು ಅನ್ನೂದ ಮರತಂಗಾತು." ಅವಳು ಅಳುತ್ತಿದ್ದಳು. ಶಿವಲೀಲಾಳೂ ಅತ್ತಳು. ಇದಕ್ಕಿಂತ ಹೆಚ್ಚಿನ ಬಹುಮಾನ ಯಾವ ಅಕಾಡೆಮಿಯೂ ಕೊಡಲಾರದು ಎಂದು ಅವಳಿಗೆ ಅನ್ನಿಸಿತು.

ಒಂದು ತಿಂಗಳು ಸಂತೋಷದಲ್ಲೇ ಹೋಯಿತು. ಹೆಂಗಸರು ಚೆನ್ನಾಗಿ ನಿದ್ದೆ ಮಾಡಿದರು. ಮಾಬೂಬಿಯಂತೂ ಅಂಗಳದಲ್ಲಿ ಕೂತು ಹಾಡತೊಡಗಿದ್ದಳಂತೆ. ಸಣ್ಣಪುಟ್ಟ ಸುದ್ದಿಗಳೂ ಬಂದವು. ಫಕ್ಕೀರವ್ವ ಕಾದ ಹಂಚನ್ನು ಬರಿಗೈಯಲ್ಲಿ ಇಳಿಸಿ ಬೆರಳಿಗೆ ಗುಳ್ಳೆ ಎಬ್ಬಿಸಿಕೊಂಡಿದ್ದಳು. ಮಾಬೂಬಿ ಕುದಿಯುವ ಚಹಾದ ಲೋಟವನ್ನು ಸಲೀಸಾಗಿ ಹಿಡಿದು ಬಾಯಿಗಿಟ್ಟು ತುಟಿ ಸುಟ್ಟುಕೊಂಡಿದ್ದಳು. ಶಿವಲೀಲಾ ಅವನ್ನೆಲ್ಲ ಬರೆದುಕೊಂಡು, "ಒಲೆಯ ಹತ್ತಿರ ಎಚ್ಚರಿಕೆ" ಎಂದು ಒಂದು ಸಾಲು ಸೇರಿಸಿದಳು. ಇಲ್ಲಿಯೇ ಅವಳು ಎಡವಿದ್ದು. ಆದರೆ ಗೆದ್ದವರಿಗೆ ಕಾಲ ಬುಡದ ಕಲ್ಲು ಯಾವತ್ತು ಕಂಡಿದೆ?

ಫೆಬ್ರವರಿಯ ಒಂದು ಭಾನುವಾರ ಅವಳು ತನ್ನ ಎರಡು ವರ್ಷದ ಮಗಳು ನಿಹಾರಿಕಾಳನ್ನು ಕರೆದುಕೊಂಡು ಬ್ಯಾಡಗಿಗೆ ಬಂದಳು. ಭಾನುವಾರವಾದರೂ ಅಂಗಳದಲ್ಲಿ ಕೆಲಸವಿತ್ತು, ಸುಗ್ಗಿಯ ನೆತ್ತಿ ಅದು. ಸಂಜೆ ಐದಕ್ಕೆ ಫಕ್ಕೀರವ್ವ ಬಂದಳು. ಬಾಗಿಲಲ್ಲಿ ನಿಹಾಳನ್ನು ಕಂಡದ್ದೇ ತಡ, ನಲ್ಲಿಯ ಕೆಳಗೆ ಕೈಯನ್ನು ಒಂದು ಸಲ ಗಬಗಬ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಶಿವಲೀಲಾ ಹೊಸ್ತಿಲಲ್ಲಿ ನಿಂತು ನೋಡಿದಳು. ಸುಗ್ಗಿಯ ನಡುವೆ ಅವ್ವನ ಅಂಗೈ ಒಂದು ಮಗುವಿನ ಬೆನ್ನಿನ ಮೇಲಿತ್ತು. ಬೆರಳು ಕೂದಲಲ್ಲಿ ಆಡುತ್ತಿತ್ತು. ಕೆನ್ನೆ ಹಿಂಡಿದಳು, ಗಲ್ಲ ಹಿಡಿದಳು, ಹಣೆಯ ಬೆವರು ಒರೆಸಿದಳು. ಶಿವಲೀಲಾಳಿಗೆ ತನ್ನ ಮಗಳ ಮೇಲೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು, ನಗುವೂ ಬಂತು. ತನಗೆ ಸಿಗದ ಒಂದು ಫೆಬ್ರವರಿ ತನ್ನ ಮಗಳಿಗೆ ಸಿಕ್ಕಿತಲ್ಲ ಎಂದು ಅವಳು ಕಣ್ಣು ತುಂಬಿಕೊಂಡು ನಿಂತಿದ್ದಳು. ತಾನು ತಿಳಿದ ವಿಜ್ಞಾನವೆಲ್ಲ ಆ ಕ್ಷಣಕ್ಕೆ ಅವಳ ತಲೆಯಿಂದ ಹಾರಿಹೋಗಿತ್ತು.

ಅಷ್ಟರಲ್ಲಿ ನಿಹಾ ಕಿಟಾರನೆ ಕಿರುಚಿದಳು.

ಅವಳು ಎರಡೂ ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡಳು. ಉಜ್ಜಿದಷ್ಟೂ ಕಿರುಚಾಟ ಹೆಚ್ಚಾಯಿತು. ಮುಖವೆಲ್ಲ ಕೆಂಪಾಯಿತು, ರೆಪ್ಪೆಗಳು ಬಾತುಕೊಂಡವು. ಫಕ್ಕೀರವ್ವ ಗಾಬರಿಯಾಗಿ, "ಏನಾತು ನನ್ನ ಕೂಸಿಗೆ, ಏನ ಕಡೀತು!" ಎಂದು ಮತ್ತೆ ಅದೇ ಕೈಯಿಂದ ಕಣ್ಣೊರೆಸಲು ಹೋದಳು.

"ಅವ್ವಾ, ಕೈ ತಗೀ! ನಿನ್ನ ಕೈಯಾಗ ಖಾರ ಐತಿ!"

ಫಕ್ಕೀರವ್ವ ತನ್ನ ಕೈಗಳನ್ನು ನೋಡಿಕೊಂಡಳು. ಅವು ತಣ್ಣಗಿದ್ದವು. ಅವಕ್ಕೆ ಏನೂ ಗೊತ್ತಿರಲಿಲ್ಲ.

ಖಾರದ ಕಣ ಎಣ್ಣೆಯಂಥದ್ದು, ಒಂದು ತಂಬಿಗೆ ನೀರಿಗೆ ಬಿಟ್ಟು ಹೋಗುವುದಲ್ಲ. ಇದು ಬ್ಯಾಡಗಿಯ ಹೆಂಗಸರಿಗೆ ಗೊತ್ತಿಲ್ಲದ ಸಂಗತಿಯೇ? ಆದರೆ ನಲವತ್ತು ವರ್ಷ ಅವರು ಖಾರ ಹೋಯಿತೋ ಇಲ್ಲವೋ ಎಂದು ಕೇಳುತ್ತಿದ್ದುದು ಕೈಯನ್ನೇ. ಉರಿ ಇದ್ದರೆ ಇದೆ, ಉರಿ ನಿಂತರೆ ಹೋಯಿತು. ಈಗ ಖಾರ ಅಲ್ಲಿಯೇ ಇತ್ತು, ಹೇಳುವವರು ಮಾತ್ರ ಇರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಕಣ್ಣನ್ನು ಮತ್ತೆ ಮತ್ತೆ ತೊಳೆದರು. ರಾತ್ರಿ ಊಟದ ಹೊತ್ತಿಗೆ ನಿಹಾ ಸೋತು ನಿದ್ದೆ ಹೋದಳು. ಕಣ್ಣಿಗೇನೂ ಅಪಾಯವಿಲ್ಲ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದರು ವೈದ್ಯರು. ಫಕ್ಕೀರವ್ವ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

ಮರುದಿನ ಶಿವಲೀಲಾ ಉಳಿದ ಇಪ್ಪತ್ತೂ ಮನೆಗೆ ಹೋಗಿ ಎಚ್ಚರಿಸಿ ಬಂದಳು. ಕಣ್ಣುರಿಯಿಂದ ಅತ್ತ ಕೂಸುಗಳು ಇನ್ನೂ ಎರಡಿದ್ದವು. ಧೂಳೆಂದು ಅವರ ತಾಯಂದಿರು ತಿಳಿದಿದ್ದರು. ಬುಧವಾರ ಧಾರವಾಡದಲ್ಲಿ ನಾಡಿಗೇರರು ವರದಿಯನ್ನು ಎರಡು ಸಲ ಓದಿದರು. ಅವರು ಕೆಟ್ಟ ಮನುಷ್ಯರಲ್ಲ. ಹನ್ನೆರಡು ವರ್ಷ ಕಾದವರು ಮಾತ್ರ.

"ನೋಡ್ರಿ ಶಿವಲೀಲಾ, ಲೇಪದ ತಪ್ಪು ಏನದ ಇದರಾಗ? ಅದು ಹೇಳಿದ್ದ ಕೆಲಸ ಮಾಡೇದ. ಸೂಚನಾ ಹಾಳಿಯೊಳಗ ಬರೀರಿ, ಸೋಪು ಹಚ್ಚಿ ಐದು ಸಲ ಕೈ ತೊಳೀಬೇಕು ಅಂತ. ಮುಗೀತಲ್ಲ."

"ಸರ, ಐದು ಸಲ ತೊಳದ ಮ್ಯಾಲ ಹೋಗೇತಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕ್ರಿ?"

ನಾಡಿಗೇರರು ಕನ್ನಡಕ ತೆಗೆದು ಒರೆಸಿದರು. ಶಿವಲೀಲಾ ಇಷ್ಟು ವರ್ಷ ಆ ಗ್ರಾಹಕವನ್ನು ಸುಳ್ಳುಗಾರ ಎಂದು ಬೈದಿದ್ದಳು. ಬೆಂಕಿಯ ವಿಷಯದಲ್ಲಿ ಅದು ಸುಳ್ಳು ಹೇಳಿದ್ದು ಹೌದು. ಖಾರದ ವಿಷಯದಲ್ಲಿ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಶನಿವಾರ ಮಗುವನ್ನು ಗಂಡನ ಬಳಿ ಬಿಟ್ಟು ಒಬ್ಬಳೇ ಬ್ಯಾಡಗಿಗೆ ಬಂದಳು. ಫಕ್ಕೀರವ್ವ ಸೋಮವಾರದಿಂದ ಅಂಗಳಕ್ಕೆ ಹೋಗಿರಲಿಲ್ಲ. ಬಚ್ಚಲಲ್ಲಿ ಸೋಪಿನ ಬಿಲ್ಲೆ ಸವೆದು ಚೂರಾಗಿತ್ತು. ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ಶಿವಲೀಲಾ ಹತ್ತಿರ ಹೋದರೆ ಅವ್ವ ಎದ್ದು ಆಚೆ ಸರಿದಳು.

"ಐದು ದಿನಾತಲ್ಲವ್ವ, ಎಲ್ಲೀ ಖಾರ? ಯಾವಾಗೋ ಹೋಗೇತಿ."

"ಹೋಗೇತಿ ಅಂತ ನೀ ಹೇಳತೀ. ನನ್ನ ಕೈ ಹೇಳವಲ್ದು." ಫಕ್ಕೀರವ್ವ ಗೋಡೆಗೊರಗಿ ಕೂತಳು. "ಮದಲ ಉರೀತಿತ್ತು. ಹಾಳಾದ್ದು ಅಂತ ಬೈತಿದ್ದೆ. ಆದ್ರ ಸುಗ್ಗಿ ಮುಗದು ಉರಿ ನಿಂತಿತು ಅಂದ್ರ ಆವತ್ತ ಮಾತ್ರ ಹಬ್ಬ ನೋಡು. ನಿನ್ನ ತಲಿಗೆ ಎಣ್ಣಿ ಒತ್ತತಿದ್ದೆ, ಎರೀತಿದ್ದೆ, ತುತ್ತು ಮಾಡಿ ಬಾಯಾಗಿಡತಿದ್ದೆ. ಏಳು ತಿಂಗಳಾ ಈ ಕೈ ನಂದ ಇದ್ವು. ಈಗ ಹನ್ನೆರಡೂ ತಿಂಗಳಾ ನಂದಲ್ಲ. ಕೂಸಿನ್ನ ಮುಟ್ಟಬೇಕಂದ್ರ ಯಾರನ್ನ ಕೇಳ್ಲಿ?"

ಶಿವಲೀಲಾಳಿಗೆ ಜೂನ್ ತಿಂಗಳ ಆ ಎಣ್ಣೆಸ್ನಾನಗಳು ಒಟ್ಟಿಗೇ ನೆನಪಾದವು. ಹೊರಗೆ ಮೊದಲ ಮಳೆ, ಒಳಗೆ ಸೀಗೆಕಾಯಿಯ ವಾಸನೆ, ನೆತ್ತಿಯ ಮೇಲೆ ಅವ್ವನ ಅಂಗೈ. ಇಷ್ಟು ವರ್ಷ ಅವಳು ಸುಗ್ಗಿಯ ಐದು ತಿಂಗಳನ್ನೇ ಎಣಿಸಿ ಅವ್ವನ ಮೇಲೆ ಮರುಕಪಟ್ಟಿದ್ದಳು. ಉಳಿದ ಏಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಕ್ಕದ ಖೋಲಿಯಿಂದ ಮಾಬೂಬಿ ಬಂದು ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತಳು. "ನನ್ನ ಕೈಯಿಂದ ಮಾತ್ರ ಏನೂ ತಗೀಬ್ಯಾಡ್ರೆವಾ," ಎಂದಳು ಜಗಳಕ್ಕೆ ಬಂದವಳಂತೆ. "ನನ್ನ ಮನ್ಯಾಗ ಕೂಸಿಲ್ಲ ಕುನ್ನಿಲ್ಲ. ಮೂವತ್ತು ವರ್ಷದ ಮ್ಯಾಲ ನಿದ್ದಿ ಕಂಡೇನಿ. ಖಾರ ಐತೋ ಇಲ್ಲೋ ನೋಡಾಕ ಕೈಬಟ್ಟ ನಾಲಿಗಿಗೆ ಹಚ್ಚಿ ನೋಡತೇನಿ, ಅದಕ್ಕೇನೂ ನಿಮ್ಮ ಮುಲಾಮ ಹಚ್ಚಿಲ್ಲಲ್ಲ!"

ಶಿವಲೀಲಾ ಬಾಯಿ ತೆರೆದು ನೋಡಿದಳು. ನಾಡಿಗೇರರಿಗೂ ತನಗೂ ಹೊಳೆಯದ್ದು ಇವಳಿಗೆ ಹೊಳೆದಿತ್ತು. ಕೈಯ ನರ ಮಲಗಿದರೇನು, ನಾಲಿಗೆಯ ನರ ಎಚ್ಚರವಾಗಿಯೇ ಇತ್ತು.

"ಕೇಳಿದ್ಯಾ ಅವ್ವಾ? ಮಾಬೂಬಿ ಚಿಗವ್ವ ಹೇಳಿದಂಗ ನೀನೂ ಮಾಡು. ಉರೀನೂ ಇರಂಗಿಲ್ಲ, ಅಂಜಿಕೀನೂ ಇರಂಗಿಲ್ಲ."

ಫಕ್ಕೀರವ್ವ ಒಂದು ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಕಾದಳು. ಉಳಿದ ಒಂಬತ್ತನ್ನೂ ಮುಟ್ಟಿಸಿದಳು. ಖಾರವಿರಲಿಲ್ಲ. ಆಮೇಲೆ ಐದು ದಿನದಲ್ಲಿ ಮೊದಲ ಸಲ ಕೈ ಚಾಚಿ ಮಗಳ ಅಂಗೈಯನ್ನು ತನ್ನ ಎರಡೂ ಕೈಯ ನಡುವೆ ಹಿಡಿದುಕೊಂಡಳು. ಹಿಡಿದುಕೊಂಡೇ ಇದ್ದಳು. ಏನನ್ನೋ ಹುಡುಕುವವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಬಿಸಿ ಇಲ್ಲ, ತಂಪಿಲ್ಲ," ಎಂದಳು. "ಕಟ್ಟಿಗಿ ಹಿಡದಂಗಾತಲ್ಲಲೇ. ನೀ ಅಂತ ತಿಳೀವಲ್ದು."

ಬಿಸಿಯ ಸುದ್ದಿ ತರುವ ಗ್ರಾಹಕ ಒಂದೇ ಅಲ್ಲ, ಅದಕ್ಕೆ ಅಣ್ಣತಮ್ಮಂದಿರಿದ್ದಾರೆ. ಅವರನ್ನು ಮುಟ್ಟದಂತೆ ಲೇಪ ಮಾಡಿದ್ದೇನೆಂದು ಶಿವಲೀಲಾ ಪ್ರಬಂಧದಲ್ಲಿ ಬರೆದಿದ್ದಳು. ತಟ್ಟೆಯಲ್ಲಿನ ಕೋಶ ಹಾಗೆಯೇ ಹೇಳಿತ್ತು. ಅವ್ವನ ಕೈ ಬೇರೆ ಹೇಳುತ್ತಿತ್ತು.

"ಉರಿ ಏನ ನನಗ ಬೇಕಾಗಿಲ್ಲ," ಎಂದಳು ಫಕ್ಕೀರವ್ವ. "ಉರೀನ ದೇವರು ಅಂತ ಪೂಜಿ ಮಾಡೂವಷ್ಟು ಹುಚ್ಚಿ ಅಲ್ಲ ನಾ. ಆದ್ರ ಸುದ್ದಿ ಬೇಕು. ಪೂರಾ ಬಾಗಲಾ ಯಾಕ ಹಾಕಿದಿ? ಒಂದೀಟು ಸಂದಿ ಬಿಡಾಕ ಬರಂಗಿಲ್ಲೇನ ನಿಮ್ಮ ಇಜ್ಞಾನದಾಗ?"

ಬರುತ್ತಿತ್ತು. ಗ್ರಾಹಕ ಪೂರ್ತಿ ಇಲ್ಲವಾಗದೆ ಕಾಲುಭಾಗ ಉಳಿಯುವಂತೆ ಲೇಪವನ್ನು ತೆಳು ಮಾಡಬಹುದಿತ್ತು. ಸಂಪೂರ್ಣ ಕಪ್ಪು ಪರದೆ ನೋಡುವ ಹಟದಲ್ಲಿ ಅದನ್ನು ಶಿವಲೀಲಾ ಯೋಚಿಸಿಯೇ ಇರಲಿಲ್ಲ.

"ಬರತೈತಿ ಅವ್ವಾ. ಆದ್ರ ಎರಡು ವರ್ಷ ಬೇಕು."

"ಮಾಡು. ಅಲ್ಲೀತನ ನನ್ನವು ನನಗ ತಿರುಗಿ ಕೊಡು."

ಚೀಲದಲ್ಲಿ ಇನ್ನೊಂದು ಲೇಪದ ಡಬ್ಬಿ ಇತ್ತು. ನಿಯಮದ ಪ್ರಕಾರ ಜತೆಗಿಟ್ಟುಕೊಳ್ಳಲೇಬೇಕಾದದ್ದು, ಇದುವರೆಗೆ ಸೀಲು ಒಡೆಯದ್ದು. ಶಿವಲೀಲಾ ಸೀಲು ಒಡೆದಳು. ಅವ್ವನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿಗೂ ಹಚ್ಚಿ ತಿಕ್ಕಿದಳು. ಏಳನೆಯ ವಯಸ್ಸಿನಿಂದ ಯಾವ ಉರಿಯನ್ನು ಕಳೆಯಬೇಕೆಂದಿದ್ದಳೋ ಅದನ್ನೇ ತನ್ನ ಕೈಯಾರೆ ಒಳಗೆ ಒತ್ತುತ್ತಿದ್ದಳು. ಕಣ್ಣೀರು ಲೇಪದ ಮೇಲೆ ಬಿತ್ತು. ಮಾಬೂಬಿ ಬಾಗಿಲಲ್ಲಿ ಮುಖ ತಿರುಗಿಸಿ ಕೂತಳು.

"ಅಳಬ್ಯಾಡ, ಎಡಗೈನೂ ಐತಿ," ಎಂದಳು ಫಕ್ಕೀರವ್ವ.

ಶಿವಲೀಲಾ ಧಾರವಾಡಕ್ಕೆ ಹೋಗಿ ಪರೀಕ್ಷೆಯನ್ನು ನಿಲ್ಲಿಸಿದಳು. ಇರಿಸಿಕೊಳ್ಳುವವರು ಇರಿಸಿಕೊಳ್ಳಲಿ, ತೆಗೆಸುವವರು ತೆಗೆಸಲಿ ಎಂದು ಎಲ್ಲರಿಗೂ ತಿಳಿಸಿದಳು. ಹದಿನಾಲ್ಕು ಜನ ತೆಗೆಸಿದರು, ಮಾಬೂಬಿ ಸೇರಿ ಆರು ಜನ ಉಳಿಸಿಕೊಂಡರು. ನಾಡಿಗೇರರು ಎರಡು ದಿನ ಅವಳೊಡನೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಬಂದು, "ಕಾಲುಭಾಗ ಅಂದ್ರೆಲ್ಲ, ಎಲ್ಲಿಂದ ಶುರು ಮಾಡೋಣ?" ಎಂದರು. ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲ, ಕೂರಲಿಲ್ಲ.

ಎರಡನೆಯ ಲೇಪ ಹಚ್ಚಿದ ಹತ್ತನೆಯ ದಿನ ಸಂಜೆ ಮತ್ತೆ ಬ್ಯಾಡಗಿಗೆ ಬಂದಳು. ಫಕ್ಕೀರವ್ವ ಇನ್ನೂ ಅಂಗಳದ ಕೆಲಸಕ್ಕೆ ಮರಳಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದಳು. ಹೇಗಿದೆ ಕೈ ಎಂದು ಕೇಳುವ ಧೈರ್ಯ ಶಿವಲೀಲಾಳಿಗೆ ಬರಲಿಲ್ಲ. ಗೋಡೆ ಹಿಡಿದುಕೊಂಡು ಕೂತಳು, ತಲೆ ಭಾರವಾಗಿತ್ತು. ಫಕ್ಕೀರವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮಗಳ ಮುಖವನ್ನೊಮ್ಮೆ ದಿಟ್ಟಿಸಿ, ಹಣೆಯ ಮೇಲೆ ಅಂಗೈ ಇಟ್ಟಳು. ಇಟ್ಟವಳು ಥಟ್ಟನೆ ಹಿಂದಕ್ಕೆ ತೆಗೆದಳು. ಮತ್ತೆ ಇಟ್ಟಳು. ಈ ಸಲ ತೆಗೆಯಲಿಲ್ಲ.

"ಯವ್ವಾ!" ಎಂದಳು. "ಮೈಯಾಗ ಜ್ವರ ಇಟಗೊಂಡು ಬಂದಿಯಲ್ಲಲೇ, ಹುಚ್ಚವ್ವ!"